ಉಕ್ಕಿಗೆ ಬೇರೆ ದುಡ್ಡು

ಏಜ್ ಆಫ್ ಎಂಪೈರ್ಸ್ ಎಂಬ ಕಂಪ್ಯೂಟರ್ ಆಟದ ಎರಡನೇ ಭಾಗದಲ್ಲಿ ದ್ರಾವಿಡರ ಪಡೆಗೆ ‘ವೂಟ್ಜ್ ಸ್ಟೀಲ್’ ಎಂಬ ವಿದ್ಯೆಯಿದೆ. ಅದು ಕೈಗೆ ಬಂದರೆ ನಿಮ್ಮ ಕಾಲಾಳು, ಕುದುರೆ ಸವಾರರ ಏಟಿನ ಮುಂದೆ ಎದುರಾಳಿಯ ಕವಚ ಇದ್ದೂ ಇಲ್ಲದ ಹಾಗೆ. 1923ರಿಂದ ಕಬ್ಬಿಣದ ಕಾರ್ಖಾನೆಯ ನೆರಳಲ್ಲೇ ಬೆಳೆದ ಊರು ಭದ್ರಾವತಿ. ಅಲ್ಲಿನ ಹುಡುಗರಿಗೆ ಈ ಉಕ್ಕು ಬೇಕೆನಿಸದಿದ್ದರೆ ಆಶ್ಚರ್ಯ. ಆದರೆ ಮೂಲ ಆಟ ಕೊಂಡವರಿಗೆ ದ್ರಾವಿಡರು ಸಿಗುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಬಂದ ‘ಡೈನಾಸ್ಟೀಸ್ ಆಫ್ ಇಂಡಿಯಾ’ ಎಂಬ ಹೆಚ್ಚುವರಿ ಭಾಗವನ್ನು, ಅಂದರೆ ಡಿಎಲ್‌ಸಿಯನ್ನು ಬೇರೆ ದುಡ್ಡು ಕೊಟ್ಟೇ ಇಳಿಸಿಕೊಳ್ಳಬೇಕು.

ಇದು ಲೂಟಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 1999ರ ಈ ಆಟವನ್ನು ನಮ್ಮ ತಲೆಮಾರಿನ ಎಷ್ಟೋ ಜನ ಆಡಿದ್ದು ಶಿವಮೊಗ್ಗದ ಸೈಬರ್ ಕೆಫೆಗಳಲ್ಲಿ, ಗಂಟೆ ಲೆಕ್ಕದಲ್ಲಿ, ನಕಲಿ ಸಿ.ಡಿ.ಯಿಂದ. ಆಟ ಮಾಡಿದವರಿಗೆ ಅದರಲ್ಲಿ ಬಿಡಿಗಾಸೂ ಹೋಗಲಿಲ್ಲ. ಮರುವರ್ಷವೇ ಬಂದ ‘ದಿ ಕಾಂಕರರ್ಸ್’ ಕೂಡ ಬೇರೆ ಬೆಲೆಯ ಪೆಟ್ಟಿಗೆಯೇ ಆಗಿತ್ತು. ಆಗ ಯಾರೂ ನ್ಯಾಯದ ಮಾತೆತ್ತಲಿಲ್ಲ, ಏಕೆಂದರೆ ನಾವ್ಯಾರೂ ದುಡ್ಡು ಕೊಟ್ಟಿರಲಿಲ್ಲ!

ನಾನು ಕೇಳುವ ಪ್ರಶ್ನೆ ಒಂದೇ: ಆಟ ಮಾರಾಟಕ್ಕೆ ಬಂದ ದಿನ, ಬೇರೆ ದುಡ್ಡಿಗೆ ಮಾರುವ ಸರಕು ಎಲ್ಲಿತ್ತು? ಏಜ್ ಆಫ್ ಎಂಪೈರ್ಸ್ ಎರಡನೇ ಭಾಗದ ಹೊಸ ರೂಪವಾದ ಡೆಫಿನಿಟಿವ್ ಎಡಿಷನ್ ಬಂದದ್ದು 2019ರ ನವೆಂಬರ್‌ನಲ್ಲಿ. ದ್ರಾವಿಡರು, ಬಂಗಾಳಿಗಳು, ಗುರ್ಜರರು ಎರಡು ವರ್ಷ ದಾಟಿದ ಮೇಲೆ ಬಂದರು. ರಾಜೇಂದ್ರ ಚೋಳ, ದೇವಪಾಲ, ಬಾಬರ್ ಹೆಸರಿನ ಮೂರು ಹೊಸ ದಂಡಯಾತ್ರೆಗಳೂ ಜೊತೆಗಿದ್ದವು. ಮೊದಲಿದ್ದ ‘ಇಂಡಿಯನ್ಸ್’ ಪಡೆಯನ್ನು ‘ಹಿಂದೂಸ್ತಾನಿಗಳು’ ಎಂದು ತಿದ್ದಿದರೇ ಹೊರತು ಹಳೆಯ ಗಿರಾಕಿಯಿಂದ ಕಿತ್ತುಕೊಳ್ಳಲಿಲ್ಲ. ಡಿಎಲ್‌ಸಿ ಕೊಂಡ ಗೆಳೆಯನ ಎದುರು ಕೊಳ್ಳದವನೂ ಆಡಬಹುದು, ಆ ಪಡೆಯನ್ನು ಆರಿಸಿಕೊಳ್ಳುವಂತಿಲ್ಲ ಅಷ್ಟೆ. ಆಮೇಲೆ ದುಡಿದು ಮಾಡಿದ್ದಕ್ಕೆ ಆಮೇಲೆ ಕೂಲಿ. ಇದರಲ್ಲಿ ತಕರಾರೇನು?

ಆದರೆ ಅದೇ ಆಟದ 2024ರ ಡಿಎಲ್‌ಸಿ ‘ವಿಕ್ಟರ್ಸ್ ಆ್ಯಂಡ್ ವ್ಯಾಂಕ್ವಿಷ್ಡ್’ ನೋಡಿ. ಅದರ 19 ಸನ್ನಿವೇಶಗಳಲ್ಲಿ ಹಲವು, ಅಭಿಮಾನಿಯೊಬ್ಬರು ಮೊದಲೇ ತಾವೇ ಕಟ್ಟಿ ಪುಕ್ಕಟೆ ಹಂಚಿದ್ದ ಮಾಡ್‌ಗಳು. ಒರೆಸಿ, ತಿದ್ದಿ, ಬೆಲೆಚೀಟಿ ಅಂಟಿಸಿದರು. ನಾನಂತೂ ಕೊಳ್ಳಲಿಲ್ಲ.

ನಿಜವಾದ ಅನ್ಯಾಯ 2012ರಲ್ಲಿ ಕ್ಯಾಪ್‌ಕಾಮ್ ಮಾಡಿದ್ದು. ಅದರ ಹೊಡೆದಾಟದ ಆಟ ‘ಸ್ಟ್ರೀಟ್ ಫೈಟರ್ ಕ್ರಾಸ್ ಟೆಕ್ಕೆನ್’ನ 12 ಪಾತ್ರಗಳು ಗಿರಾಕಿ ಮನೆಗೆ ಒಯ್ದ ಡಿಸ್ಕ್‌ನಲ್ಲೇ ಇದ್ದವು. ಅವುಗಳಿಗೆ ಬೀಗ ಹಾಕಿ, ತೆಗೆಯಲು ಬೇರೆ ದುಡ್ಡು ಕೇಳಿದರು. ರಿಜಿಸ್ಟ್ರೇಷನ್ ಮುಗಿದ ಮನೆಯಲ್ಲಿ ದೇವರಕೋಣೆಯ ಕೀಲಿ ಮಾತ್ರ ಮಾರಿದವರ ಜೇಬಿನಲ್ಲೇ ಉಳಿದ ಹಾಗಾಯಿತು. ಇದಕ್ಕೆ ಹೋಲಿಸಿದರೆ 2006ರಲ್ಲಿ ಎರಡೂವರೆ ಡಾಲರಿಗೆ ಮಾರಿದ ‘ಆಬ್ಲಿವಿಯನ್’ ಆಟದ ಕುದುರೆ ಕವಚ ಬರೀ ತಮಾಷೆ. ಬೇಡವಾದವರು ನಕ್ಕು ಸುಮ್ಮನಾಗಬಹುದಿತ್ತು.

ನನ್ನ ಪ್ರಶ್ನೆಗೂ ಸಿಕ್ಕದ ಮೋಸ ಒಂದಿದೆ. ಯೂಬಿಸಾಫ್ಟ್ ತನ್ನ 2014ರ ಕಾರ್ ಆಟ ‘ದಿ ಕ್ರೂ’ನ ಸರ್ವರ್‌ಗಳನ್ನು 2024ರ ಮಾರ್ಚ್ 31ಕ್ಕೆ ನಿಲ್ಲಿಸಿತು. ಒಬ್ಬರೇ ಆಡಲೂ ಸರ್ವರ್ ಬೇಕಿದ್ದ ಆಟವದು. ಹೀಗಾಗಿ ಆಟವೂ ಹೋಯಿತು, ಅದಕ್ಕೆಂದು ಕೊಂಡ ‘ವೈಲ್ಡ್ ರನ್’ ಡಿಎಲ್‌ಸಿಯೂ ಹೋಯಿತು. ನಾವು ಕೊಳ್ಳುವುದು ಬರೀ ಪರವಾನಗಿ ಎಂದು ಕರಾರುಪತ್ರದ ಸಣ್ಣಕ್ಷರದಲ್ಲಿರುತ್ತದೆ ನಿಜ. ಅಂಗಡಿಯಲ್ಲಿ ಅದನ್ನು ದಪ್ಪಕ್ಷರದಲ್ಲಿ ಹಾಕಲಿ.

ಕೊಳ್ಳುವವರಿಗೆ ಎರಡು ಮಾತು. ಇನ್ನೂ ತಯಾರಾಗದ ಡಿಎಲ್‌ಸಿಗಳನ್ನು ಸೀಸನ್ ಪಾಸ್ ಹೆಸರಲ್ಲಿ ಮುಂಗಡ ಕೊಳ್ಳಬೇಡಿ. ಈಗಾಗಲೇ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಡಿಎಲ್‌ಸಿ ಕೊಂಡು ಬೇಸರವಾಗಿದ್ದರೆ, ಕೊಂಡು 14 ದಿನ ದಾಟಿರದೆ, ಆ ಬಳಿಕ ಮೂಲ ಆಟವನ್ನು 2 ಗಂಟೆಗಿಂತ ಕಡಿಮೆ ಆಡಿದ್ದರೆ ಸಾಮಾನ್ಯವಾಗಿ ಹಣ ವಾಪಸ್ ಸಿಗುತ್ತದೆ. ಸಂಕೋಚ ಬೇಡ, ಕೇಳಿ.