ಯಾರೂ ಇಲ್ಲದ ರಸ್ತೆ ಎಂಬ ಮಾತು

ಕನ್ನಡದಲ್ಲಿ ಸೈಕಲ್ ಪ್ರವಾಸದ ಬರಹ ಈಚೆಗೆ ಒಂದು ಪ್ರಕಾರವಾಗಿಯೇ ಬೆಳೆಯುತ್ತಿದೆ. ಗೇರಿನ ಸೈಕಲ್, ತಲೆಗೆ ಹೆಲ್ಮೆಟ್, ಹ್ಯಾಂಡಲ್ಲಿಗೆ ಸಿಕ್ಕಿಸಿದ ಮೊಬೈಲು. ಭಾನುವಾರ ನಸುಕಿನಲ್ಲಿ ಹುಬ್ಬಳ್ಳಿಯಿಂದಲೋ ದಾವಣಗೆರೆಯಿಂದಲೋ ಹೊರಟವರು ರಾತ್ರಿಯೊಳಗೆ ಹತ್ತು ಫೋಟೊ, ನಾಲ್ಕು ಪ್ಯಾರಾ ಬರೆದು ಹಾಕುತ್ತಾರೆ. ಈ ಬರಹಗಳಲ್ಲಿ ಮತ್ತೆ ಮತ್ತೆ ಕಾಣುವ ಮಾತೊಂದಿದೆ: ರಸ್ತೆ ಖಾಲಿ ಇತ್ತು, ಯಾರೂ ಇರಲಿಲ್ಲ, ಎರಡೂ ಬದಿಗೆ ಬರೀ ಮರ. ಓದಿದವರಿಗೂ ಹೊರಡುವ ಆಸೆಯಾಗುತ್ತದೆ. ಆದರೆ ಒಂದು ರಸ್ತೆಯನ್ನು ಖಾಲಿ ಎಂದು ಬರೆದವರು, ಅಲ್ಲಿ ತಾವು ಯಾರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ಎಂಬುದನ್ನೂ ಬರೆದಿರುತ್ತಾರೆ. ಈ ಮಾತನ್ನು ಸ್ವಲ್ಪ ನಿಂತು ನೋಡಬೇಕಿರುವುದು ಅದಕ್ಕೇ.

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ಸೀಮೆಯನ್ನೇ ತೆಗೆದುಕೊಳ್ಳೋಣ. ಸೈಕಲ್ಲಿಗೆ ಇದಕ್ಕಿಂತ ಒಪ್ಪುವ ನಾಡು ಸಿಗುವುದು ಕಷ್ಟ. ಪುಣೆ–ಬೆಂಗಳೂರು ಹೆದ್ದಾರಿ ಶಿಗ್ಗಾಂವದ ಮೇಲೆ ಹಾದುಹೋಗುವಾಗ ಲಾರಿ, ಬಸ್ಸುಗಳ ಸದ್ದನ್ನೆಲ್ಲ ಎಳೆದುಕೊಂಡು ಹೋಗುತ್ತದೆ. ಉಳಿದ ಒಳದಾರಿಗಳು ಸುಮ್ಮನಿರುತ್ತವೆ. ದುಂಡಶಿಯ ಕಡೆ ಕಾಡು. ಹಾನಗಲ್ಲಿನಲ್ಲಿ ಅಡಿಕೆ, ಭತ್ತ, ಹೆಜ್ಜೆಗೊಂದು ಕೆರೆ. ಅಕ್ಕಿಆಲೂರು, ತಿಳವಳ್ಳಿ, ಚಿಕ್ಕೇರೂರು ದಾಟಿ ಹಿರೇಕೆರೂರಿನತ್ತ ಹೋದರೆ ಮಲೆನಾಡು ಕರಗಿ ಮೆಕ್ಕೆಜೋಳದ ಬಯಲಾಗುತ್ತದೆ. ಆ ಸೀಮೆಯಲ್ಲೇ ಕುಮದ್ವತಿಗೆ ಅಡ್ಡಲಾಗಿ, ಗುಡ್ಡದಿಂದ ಗುಡ್ಡಕ್ಕೆ ಏರಿ ಹಾಕಿ ಕಟ್ಟಿದ ಮದಗದ ಕೆರೆಯಿದೆ. ಅದರ ಹೆಸರು ಜನಪದ ಹಾಡಿನಿಂದಾಗಿ ಕನ್ನಡಿಗರಿಗೆಲ್ಲ ಗೊತ್ತು. ಪೂರ್ವಕ್ಕೆ ತಿರುಗಿದರೆ ಸವಣೂರಿನ ಎರೆನೆಲ, ಎಲೆಬಳ್ಳಿಯ ತೋಟ. ಒಂದೇ ದಿನದ ತುಳಿತದಲ್ಲಿ ಮಣ್ಣಿನ ಬಣ್ಣ ಎರಡು ಮೂರು ಸಲ ಬದಲಾಗುತ್ತದೆ.

ಇಂಥ ದಾರಿಗಳನ್ನು ಏನೆಂದು ಕರೆಯಬೇಕು? ಪತ್ರಿಕೆಯ ಭಾಷೆಯಲ್ಲಿ ಟ್ರಾಫಿಕ್ ಎಂದರೆ ಸಂಚಾರ, ಟ್ರಾಫಿಕ್ ಪೊಲೀಸರು ಸಂಚಾರಿ ಪೊಲೀಸರು. ಆ ಲೆಕ್ಕದಲ್ಲಿ ಇವು ‘ಸಂಚಾರಮುಕ್ತ’ ದಾರಿಗಳಾಗಬೇಕು. ಹಾಗೆ ಬರೆದ ಕೂಡಲೇ ಕನ್ನಡ ತಕರಾರು ತೆಗೆಯುತ್ತದೆ. ನಮ್ಮಲ್ಲಿ ಸಂಚಾರ ಎಂದರೆ ವಾಹನವಲ್ಲ, ತಿರುಗಾಟ. ಜೋಗಿ, ಜಂಗಮ, ಕುರಿಗಾಹಿ, ಸಂತೆಗೆ ಹೊರಟವರು ಮಾಡುವುದು. ಸಂಚಾರವೇ ಇಲ್ಲದ ದಾರಿ ಎಂದರೆ ಹುಲ್ಲು ಬೆಳೆದ, ಸತ್ತ ದಾರಿ. ಪ್ರವಾಸಿಗರು ಮೆಚ್ಚುವ ಈ ಒಳದಾರಿಗಳು ಹಾಗಿಲ್ಲ. ಅಲ್ಲಿ ಕಾರು ಕಡಿಮೆ, ಸಂಚಾರ ಧಾರಾಳ. ಸುಗ್ಗಿಯಲ್ಲಿ ಡಾಂಬರಿನ ಅರ್ಧಭಾಗ ಮೆಕ್ಕೆಜೋಳ ಒಣಗಿಸುವ ಕಣ. ಕೆಲವೆಡೆ ಹುರುಳಿಯನ್ನು ರಸ್ತೆಗೆ ಹಾಸಿ, ಬಂದ ಗಾಲಿಗಳಿಂದಲೇ ಒಕ್ಕಣೆ ಮಾಡಿಸುತ್ತಾರೆ. ಮಳೆಗಾಲ ಮುಗಿದ ಮೇಲೆ ಬಯಲುಸೀಮೆಯ ಕುರಿಹಿಂಡುಗಳು ಬಂದು ಹೊಲಗಳಲ್ಲಿ ತಂಗುತ್ತವೆ. ಗೊಬ್ಬರಕ್ಕೆಂದು ರೈತರೇ ಕರೆದು ನಿಲ್ಲಿಸಿಕೊಳ್ಳುತ್ತಾರೆ. ಹಿಂಡು ದಾಟುವ ತನಕ ಸೈಕಲ್ ಇಳಿದು ನಿಲ್ಲಬೇಕು. ಇಷ್ಟೆಲ್ಲ ಇರುವ ರಸ್ತೆಯನ್ನು ‘ಯಾರೂ ಇಲ್ಲ’ ಎಂದು ಬರೆಯುವುದು ಕಣ್ಣಿನ ತಪ್ಪಲ್ಲ, ಅಭ್ಯಾಸದ ತಪ್ಪು.

ಅಭ್ಯಾಸ ಹಳೆಯದು. ನಮ್ಮ ಪ್ರವಾಸ ಸಾಹಿತ್ಯ ಮೊದಲಿನಿಂದಲೂ ತಲುಪುವ ಜಾಗಕ್ಕೆ ನಿಷ್ಠವಾದದ್ದು. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ ಹೊರಟದ್ದು ಹಂಪಿಗೆ. ಕಾರಂತರ ‘ಅಪೂರ್ವ ಪಶ್ಚಿಮ’ ಯುರೋಪಿಗೆ. ಗೊರೂರರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದದ್ದು ‘ಅಮೆರಿಕದಲ್ಲಿ ಗೊರೂರು’. ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರ ಪ್ರವಾಸ ಕಥನದ ಹೆಸರೇ ‘ಸಮುದ್ರದಾಚೆಯಿಂದ’. ದೊಡ್ಡ ಬರಹಗಾರರು, ದೊಡ್ಡ ಪಯಣಗಳು; ಅವುಗಳ ಬೆಲೆ ಕಡಿಮೆಯಲ್ಲ. ಆದರೆ ಈ ಸಾಲಿನಲ್ಲಿ ಸವಣೂರಿನಿಂದ ಶಿಗ್ಗಾಂವಕ್ಕೆ ಹೋಗುವ ದಾರಿಗೆ ಜಾಗ ಸಿಗಲಿಲ್ಲ. ಸೈಕಲ್ ಬರಹ ಈ ಕೊರತೆಯನ್ನು ತುಂಬಬಹುದಿತ್ತು. ಅದು ಹಳೆಯ ಪಟ್ಟಿಯನ್ನೇ ಮುಂದುವರಿಸಿತು: ಹಾನಗಲ್ಲಿನ ತಾರಕೇಶ್ವರ, ಬಂಕಾಪುರ ಕೋಟೆಯ ನವಿಲು, ಕನಕದಾಸರ ಬಾಡ, ಸರ್ವಜ್ಞನ ಹೆಸರಿನ ಅಬಲೂರು. ನಡುವಿನ ದಾರಿ ಕಿಲೋಮೀಟರಿನ ಅಂಕಿಯಾಗಿ ಉಳಿಯಿತು.

ಇದೇ ಸೀಮೆಗೆ ಬೇರೆ ಪರಂಪರೆಯೂ ಇತ್ತು. ಶಿಶುನಾಳ ಷರೀಫರು (1819–1889) ನಡೆದಾಡುವಾಗ ಕಣ್ಣಿಗೆ ಬಿದ್ದ ಊರಿನ ಸಾಮಾನು ಸರಂಜಾಮುಗಳನ್ನೇ ತತ್ವಪದ ಮಾಡಿದವರು. ಹಾವೇರಿ ನೆಲದವರೇ ಆದ ಕಾದಂಬರಿಕಾರ ಗಳಗನಾಥರು (1869–1942) ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಇವರಿಗೆ ದಾರಿ ಎಂದರೆ ಎರಡು ನೋಟಗಳ ನಡುವಿನ ಬಿಡುವಲ್ಲ. ಓದುಗರು, ಕೇಳುಗರು ಸಿಗುತ್ತಿದ್ದ ಜಾಗವೇ ಅದು.

ತಲುಪುವ ಜಾಗಕ್ಕೆ ಸಿಗುವ ಮರ್ಯಾದೆ ದಾರಿಗೆ ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸವಣೂರಿನಲ್ಲೇ ಉದಾಹರಣೆಯಿದೆ. ಅಲ್ಲಿನ ಕಲ್ಮಠದ ಆವರಣದಲ್ಲಿ ಆಫ್ರಿಕಾ ಮೂಲದ ಮೂರು ದೈತ್ಯ ಮರಗಳಿವೆ. ಜನ ದೊಡ್ಡಹುಣಸೆ ಎನ್ನುತ್ತಾರೆ. 2023ರ ಜುಲೈ ಮಳೆಗೆ ಅವುಗಳಲ್ಲೊಂದು ಬುಡಸಮೇತ ಉರುಳಿದಾಗ ಸುದ್ದಿಯಾಯಿತು, ಎತ್ತಿ ಮತ್ತೆ ನೆಟ್ಟರು. ಮಾಡಬೇಕಾದ ಕೆಲಸವೇ. ಆದರೆ ರಸ್ತೆ ಅಗಲವಾಗುವಾಗ ಸಾಲುಸಾಲಾಗಿ ಬೀಳುವ ನಿಜವಾದ ಹುಣಸೆಮರಗಳಿಗೆ, ಆಲ, ಬೇವುಗಳಿಗೆ ಯಾರೂ ಕ್ರೇನು ತರುವುದಿಲ್ಲ. ಅವು ಯಾವ ಪ್ರವಾಸಿ ಪಟ್ಟಿಯಲ್ಲೂ ಇರಲಿಲ್ಲ. ಅವುಗಳ ನೆರಳಿನಲ್ಲೇ ಸೈಕಲ್ ತುಳಿದವರೂ ಅವನ್ನು ‘ಬರೀ ಮರ’ ಎಂದೇ ಬರೆದರು. ಒಂದು ಮರದ ಹೆಸರನ್ನಾದರೂ ಬರೆದಿಟ್ಟಿದ್ದರೆ, ಕಡಿದ ಮೇಲೆ ಇಲ್ಲೊಂದು ಇತ್ತು ಎನ್ನಲು ಸಾಕ್ಷಿ ಉಳಿಯುತ್ತಿತ್ತು.

ಹೊರಗಿನ ಮಾದರಿಯನ್ನು ತಂದು ಹೋಲಿಸುವಾಗಲೂ ಎಚ್ಚರ ಬೇಕು. ಇಂಗ್ಲೆಂಡಿನ ಬ್ರಿಸ್ಟಲ್ ಮತ್ತು ಬಾತ್ ನಗರಗಳ ನಡುವೆ, ಮುಚ್ಚಿಹೋದ ರೈಲುಮಾರ್ಗದ ಮೇಲೆ 1979ರಿಂದ 1986ರ ತನಕ ಸುಮಾರು 21 ಕಿಲೋಮೀಟರ್ ಉದ್ದದ ಸೈಕಲ್ ದಾರಿ ಮಾಡಿದರು. ಕಾರಿಗೆ ಪ್ರವೇಶವಿಲ್ಲದ ಆ ಮೌನ, ಬೇಕೆಂದು ಹಠಹಿಡಿದು ಕಟ್ಟಿಕೊಂಡ ಮೌನ. ನಮ್ಮ ಒಳದಾರಿಗಳದ್ದು ಹಾಗೆ ಕಟ್ಟಿದ್ದಲ್ಲ, ಉಳಿದುಕೊಂಡದ್ದು. ಅದರಲ್ಲಿ ಒಂದು ಪಾಲು ನೆಮ್ಮದಿ, ಇನ್ನೊಂದು ಪಾಲು ಬಡತನ. ಎಷ್ಟೋ ಕಡೆ ರಸ್ತೆ ಶಾಂತವಾಗಿರುವುದು ಬಸ್ಸು ಬಾರದ ಕಾರಣಕ್ಕೆ.

ಆ ಪಾಲನ್ನು ತುಳಿದು ತೀರಿಸಿದವರು ಶಾಲೆಯ ಮಕ್ಕಳು. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಬಡ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು, ಮುಂದೆ ಗಂಡುಮಕ್ಕಳಿಗೂ ವಿಸ್ತರಿಸಿತು. ಕೋವಿಡ್ ಹೊತ್ತಿಗೆ ವಿತರಣೆ ನಿಂತಿತು. 2023ರಲ್ಲಿ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾಯಿತು. ಒಳ್ಳೆಯ ಯೋಜನೆ, ಆದರೆ ಬಸ್ಸೇ ಬರದ ಊರಿನಲ್ಲಿ ಬಿಟ್ಟಿ ಟಿಕೆಟ್ಟಿಗೆ ಅರ್ಥವಿಲ್ಲ. ಹಳ್ಳಿಯಿಂದ ಪ್ರೌಢಶಾಲೆಗೆ ದಿನಾ ತುಳಿದ ಹುಡುಗಿಗೆ ಆ ರಸ್ತೆಯ ಏರು, ತಗ್ಗು, ನಾಯಿ, ಮಳೆಗೆ ಮುಳುಗುವ ಸೇತುವೆ ಎಲ್ಲವೂ ಗೊತ್ತು. ಸೀಮೆಯ ನಿಜವಾದ ಸೈಕಲ್ ಪ್ರವಾಸಿ ಅವಳೇ. ಸಂಜೆಗತ್ತಲಲ್ಲಿ ಅದೇ ‘ಯಾರೂ ಇಲ್ಲದ’ ರಸ್ತೆ ಅವಳಿಗೆ ಖುಷಿ ಕೊಡುವುದಿಲ್ಲ. ಯಾರಾದರೂ ಇರಲಿ ಎಂದು ಅವಳು ಬಯಸುತ್ತಾಳೆ. ಪ್ರವಾಸಿಗನ ಸುಖ ಮತ್ತು ಅವಳ ಅಂಜಿಕೆ ಎರಡಕ್ಕೂ ಕಾರಣ ಒಂದೇ ಎಂಬುದನ್ನು ನಮ್ಮ ಸೈಕಲ್ ಬರಹ ಇನ್ನೂ ಗಮನಿಸಿಲ್ಲ.

ಇಷ್ಟು ಹೇಳಿದ್ದು ಯಾರ ಉತ್ಸಾಹಕ್ಕೂ ತಣ್ಣೀರು ಎರಚಲು ಅಲ್ಲ. ಸೈಕಲ್ಲಿನ ವೇಗ ಬರಹಕ್ಕೆ ಹೇಳಿಮಾಡಿಸಿದ ವೇಗ. ಕಾರಿನಿಂದ ಕಾಣದ್ದು ಅದರಿಂದ ಕಾಣುತ್ತದೆ, ನಡಿಗೆಯಿಂದ ಮುಟ್ಟಲಾಗದ್ದನ್ನು ಅದು ಮುಟ್ಟುತ್ತದೆ. ಬೇಕಾದಲ್ಲಿ ಕಾಲೂರಿ ಮಾತಾಡಿಸಬಹುದು. ಹಾಗಾಗಿ ಈ ಪ್ರಕಾರದಿಂದ ಹೆಚ್ಚಿನದನ್ನು ಕೇಳುವ ಹಕ್ಕು ಓದುಗರಿಗಿದೆ. ಹಾನಗಲ್ಲಿನಿಂದ ಹಿರೇಕೆರೂರಿಗೆ ತುಳಿದವರು ಬರೆದದ್ದನ್ನು ತಿಳವಳ್ಳಿಯ ಎಂಟನೇ ತರಗತಿಯ ಹುಡುಗಿಯೊಬ್ಬಳು ಓದಿದರೆ, ಅದು ತನ್ನ ರಸ್ತೆಯೇ ಎಂದು ಅವಳಿಗೆ ಗುರುತು ಸಿಗಬೇಕು. ಮರಗಳಿಗೆ ಹೆಸರಿರಬೇಕು, ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ, ಬರುತ್ತದೋ ಇಲ್ಲವೋ ಎಂಬುದಿರಬೇಕು, ಡಾಂಬರಿನ ಮೇಲೆ ಜೋಳ ಹರಡಿದವರು ಇರಬೇಕು. ಆಮೇಲೆ ರಸ್ತೆ ಎಷ್ಟು ಸುಮ್ಮನಿತ್ತು ಎಂದು ಎಷ್ಟು ಬೇಕಾದರೂ ಬರೆಯಲಿ.