ಬತ್ತಿದ ತೊಟ್ಟಿಯೊಳಗಿನ ನಾದ

ಪವಿತ್ರ ಬೈಬಲಿನಲ್ಲಿ ಬತ್ತಿದ ಬಾವಿ ಸಂಕಟದ ತಾಣ. ಜೋಸೆಫನನ್ನು ಅಣ್ಣಂದಿರು ಕೆಡವಿದ್ದು ನೀರಿಲ್ಲದ ಬಾವಿಗೆ. ಪ್ರವಾದಿ ಯೆರೆಮೀಯನನ್ನು ಹಗ್ಗಗಳಿಂದ ಇಳಿಸಿದ್ದು ಕೆಸರಿನ ಬಾವಿಗೆ. ಪ್ರಿಯ ಓದುಗರೇ, ತಾವಾಗಿಯೇ ಅಂಥ ತಾಣಕ್ಕೆ ಇಳಿದು ನುಡಿಸಿದ ಮೂವರ ಧ್ವನಿಮುದ್ರಿಕೆಯೊಂದನ್ನು ಕುರಿತು ಈ ತಿಂಗಳು ಬರೆಯಬಯಸುತ್ತೇನೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೋರ್ಟ್ ಟೌನ್ಸೆಂಡಿನಲ್ಲಿ ಫೋರ್ಟ್ ವರ್ಡನ್ ಎಂಬ ಹಳೆಯ ಸೇನಾನೆಲೆಯಿದೆ. ಅದರ ನೆಲದಡಿಯಲ್ಲಿ 20 ಲಕ್ಷ ಗ್ಯಾಲನ್ ನೀರು ಹಿಡಿಯುತ್ತಿದ್ದ ಕಾಂಕ್ರೀಟಿನ ದುಂಡು ತೊಟ್ಟಿ. ಅಡ್ಡಳತೆ 186 ಅಡಿ. ಬಳಕೆ ತಪ್ಪಿ ಬರಿದಾಗಿದ್ದ ಆ ತೊಟ್ಟಿಯೊಳಗೆ 1988ರ ಅಕ್ಟೋಬರಿನಲ್ಲಿ ಪಾಲಿನ್ ಒಲಿವೆರೋಸ್ ಅಕಾರ್ಡಿಯನ್ ನುಡಿಸಿದರು, ಸ್ಟುವರ್ಟ್ ಡೆಂಪ್‌ಸ್ಟರ್ ಟ್ರಾಂಬೋನ್ ಊದಿದರು, ಪನಯೋಟಿಸ್ ಕಂಠ ಸೇರಿಸಿದರು. ಶಂಖವೂ ಇತ್ತು, ತೋಟಕ್ಕೆ ನೀರು ಹಾಯಿಸುವ ಕೊಳವೆಯೂ ಇತ್ತು! ಮರುವರ್ಷ ಅದು ‘ಡೀಪ್ ಲಿಸನಿಂಗ್’ ಎಂಬ ಹೆಸರಿನಲ್ಲಿ ಹೊರಬಂತು. ಆಳವಾಗಿ ಆಲಿಸುವುದು, ಆಳದಲ್ಲಿದ್ದು ಆಲಿಸುವುದು, ಎರಡೂ ಅರ್ಥ ಅದಕ್ಕುಂಟು.

ಆ ತೊಟ್ಟಿಯಲ್ಲಿ ಹುಟ್ಟಿದ ನಾದ ಅಡಗಲು 45 ಸೆಕೆಂಡು ಬೇಕು. ಅಷ್ಟರಲ್ಲಿ ನಾವು ಮೂರು ‘ನಮೋ ಮರಿಯ’ ಹೇಳಿ ಮುಗಿಸಿರುತ್ತೇವೆ. ಆದ್ದರಿಂದ ಅಲ್ಲಿ ಆತುರಗಾರನಿಗೆ ಎಡೆಯಿಲ್ಲ. ನುಡಿಸಿದ ತಪ್ಪು ಕೂಡ ಮುಕ್ಕಾಲು ನಿಮಿಷ ಎದುರಿಗೇ ನಿಂತಿರುತ್ತದೆ. ಇನ್ನೊಂದು ಸ್ವರ ಸೇರಿಸುವ ಮುನ್ನ ಇರುವುದನ್ನು ಕೇಳಿಸಿಕೊಳ್ಳಲೇಬೇಕು. ಮೊದಲ ಕೃತಿಯನ್ನು ಕೇಳುತ್ತಾ ಯಾವುದು ಅಕಾರ್ಡಿಯನ್, ಯಾವುದು ಟ್ರಾಂಬೋನ್, ಯಾವುದು ಗೋಡೆಯ ಮರುನುಡಿ ಎಂದು ಬಿಡಿಸಲು ಹೊರಟು ನಾನು ಸೋತೆ. ಬಹುಶಃ ಸೋಲಬೇಕೆಂಬುದೇ ಅವರ ಅಪೇಕ್ಷೆ.

ಗುರುಮಠದಲ್ಲಿ ಎರಡು ಪಂಗಡಗಳಾಗಿ ಕೀರ್ತನೆ ಹಾಡುವಾಗ, ಪ್ರತಿ ವಚನದ ನಡುವೆ ಒಂದು ಉಸಿರಿನಷ್ಟು ನಿಲ್ಲಬೇಕೆಂದು ನಮಗೆ ಕಲಿಸಿದ್ದರು. ನಮಗೋ ಊಟದ ಗಂಟೆಯ ಚಿಂತೆ. ಕಲ್ಲಿನ ದೇವಾಲಯಗಳಲ್ಲಿ ಹಿಂದಿನ ನುಡಿ ಅಡಗಲು ಆ ಬಿಡುವು ಎಷ್ಟು ಅಗತ್ಯವೆಂಬುದು ಈ ಮುದ್ರಿಕೆ ಕೇಳಿದಾಗ ನನ್ನ ಕಿವಿಗೆ ತಿಳಿಯಿತು. ಡೆಂಪ್‌ಸ್ಟರ್ ಇದನ್ನು ಮೊದಲೇ ಬಲ್ಲವರು. 1976ರಲ್ಲಿ ಅವರು ಫ್ರಾನ್ಸಿನ ಅವಿನ್ಯೋನ್‌ನಲ್ಲಿ, ಜಗದ್ಗುರು ಆರನೇ ಕ್ಲೆಮೆಂಟರ ಹೆಸರಿನ ವಿಶಾಲ ಪೂಜಾಲಯದಲ್ಲಿ ಒಬ್ಬರೇ ಟ್ರಾಂಬೋನ್ ಊದಿ ಮುದ್ರಿಸಿಕೊಂಡಿದ್ದರು. ಪೂಜಾಲಯ ಕಲಿಸಿದ ತಾಳ್ಮೆಯನ್ನೇ ಅವರು ತೊಟ್ಟಿಗೆ ಒಯ್ದರೆಂದು ನನ್ನ ಊಹೆ.

ಹಾಗಾದರೆ ಇದು ಪ್ರಾರ್ಥನೆಯೇ? ಈ ಪ್ರಶ್ನೆ ನನ್ನ ಮುಂದೆ ಬಂದದ್ದು ಪುಸ್ತಕದಿಂದಲ್ಲ. ಯುವಜನರ ಧ್ಯಾನಕೂಟವೊಂದರಲ್ಲಿ, ಪರಮಪ್ರಸಾದದ ಆರಾಧನೆಯ ಹೊತ್ತಿಗೆ ಇದನ್ನು ಹಿನ್ನೆಲೆಯಲ್ಲಿ ಹಾಕಬಹುದೇ ಎಂದು ಅವರು ಕೇಳಿದರು. ಬೇಡವೆಂದೆ. ಹಿನ್ನೆಲೆಯಾಗಿ ಹಾಕಿದರೆ ಮೊದಲು ಅನ್ಯಾಯವಾಗುವುದು ಆ ಸಂಗೀತಕ್ಕೇ. ಆಲಿಸಲೆಂದು ಹುಟ್ಟಿದ್ದನ್ನು ನಾವು ಗೋಡೆಗೆ ಬಳಿಯುವ ಬಣ್ಣವಾಗಿಸುತ್ತೇವೆ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ತೊಟ್ಟಿ ಹಿಂತಿರುಗಿಸುವುದು ನಾನು ಕೊಟ್ಟ ಸ್ವರವನ್ನೇ. ಎಷ್ಟೇ ಸುಂದರವಾಗಿ ಬೆಳೆದು ಬಂದರೂ ಅದು ನನ್ನದೇ, ನನ್ನ ಸಂಗಡಿಗರದೇ. ಆಳದಿಂದ ಮೊರೆಯಿಡುವ 130ನೆಯ ಕೀರ್ತನೆಯ ಭಕ್ತನಾದರೋ ತನ್ನ ದನಿಯ ಮರುಕಳಿಕೆಗಾಗಿ ಕಾಯುವುದಿಲ್ಲ, ಮತ್ತೊಬ್ಬನಿಗಾಗಿ ಕಾಯುತ್ತಾನೆ. ಇಲ್ಲಿ ವಿಧಿಯ ಗಾಂಭೀರ್ಯವುಂಟು, ಆದರೆ ‘ನೀನು’ ಎಂದು ಕರೆಯಲು ಯಾರೂ ಇಲ್ಲ. ಒಲಿವೆರೋಸ್ ಇದನ್ನು ಆರಾಧನೆಯೆಂದು ನಮಗೆ ಮಾರಲಿಲ್ಲ, ಆಲಿಕೆ ಎಂದಷ್ಟೇ ಕರೆದರು. ಆ ಪ್ರಾಮಾಣಿಕತೆ ನನಗೆ ಮೆಚ್ಚುಗೆ.

ದೈವಾರಾಧನೆಯಲ್ಲಿ ತಕ್ಕ ಸಮಯದಲ್ಲಿ ಪವಿತ್ರ ಮೌನವನ್ನು ಪಾಲಿಸಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ವಿಧಿಸಿತು. ಅದನ್ನು ಆ ಯುವಜನರಿಗೂ ವಿವರಿಸಿದೆ. ಅವರು ಮರುಮಾತಿಲ್ಲದೆ ಒಪ್ಪಿ ಮೊಣಕಾಲೂರಿದರು. ಕೋಣೆ ನಿಶ್ಶಬ್ದವಾಯಿತು. ಎರಡು ನಿಮಿಷ ಕಳೆದಿರಬೇಕು. ಆ ಮೌನವನ್ನು ತಾಳಲಾರದೆ ಮೈಕ್ ಎತ್ತಿಕೊಂಡು ಪ್ರಾರ್ಥನೆ ಓದತೊಡಗಿದವನು ನಾನೇ.