ಗೋಡೆಯ ಹಿಂದಿನ ಗಾಳಿ: ಡೆಟ್ರಾಯಿಟ್ ಕಲಾ ಮ್ಯೂಸಿಯಂ ನವೀಕರಣದ ಬಗ್ಗೆ ಒಂದು ತಕರಾರು

ಡೆಟ್ರಾಯಿಟ್ ಇನ್‌ಸ್ಟಿಟ್ಯೂಟ್ ಆಫ್ ಆರ್ಟ್ಸ್ 2007ರ ನವೆಂಬರಿನಲ್ಲಿ ನವೀಕರಣ ಮುಗಿಸಿ ತೆರೆದಾಗ ಬಂದ ವಿಮರ್ಶೆಗಳಲ್ಲಿ ನಾನು ಓದಿದವು ಎರಡೇ ಸಂಗತಿಗಳನ್ನು ಚರ್ಚಿಸಿದ್ದವು: ಮೈಕೇಲ್ ಗ್ರೇವ್ಸ್ ಎರಡು ರೆಕ್ಕೆಗಳಿಗೆ ಹೊದಿಸಿದ ಬಿಳಿ ಅಮೃತಶಿಲೆ, ಒಳಗೆ ಕಲಾಕೃತಿಗಳನ್ನು ಮರುಜೋಡಿಸಿದ ರೀತಿ. (ನನಗೆ ಹಳೆಯ ಕಪ್ಪು ಗ್ರಾನೈಟೇ ಹಿಡಿಸಿತ್ತು, ಅದು ಬೇರೆ ಮಾತು.) 2001ರಿಂದ ನಡೆದ, 15.8 ಕೋಟಿ ಡಾಲರಿನ ಈ ಕೆಲಸದಲ್ಲಿ ಗಾಳಿ, ಶಾಖ, ವಿದ್ಯುತ್ತಿನ ವ್ಯವಸ್ಥೆಗಳೂ ಇದ್ದವು. ಅವುಗಳ ಬಗ್ಗೆ ಹೆಚ್ಚೆಂದರೆ ಒಂದು ಸಾಲು.

ಕಟ್ಟಡಗಳ ಗಾಳಿಯ ಲೆಕ್ಕ ಹಾಕಿ ಬದುಕುವವನು ನಾನು. ಪಕ್ಷಪಾತ ಇದ್ದೇ ಇದೆ. ಆದರೆ ಮೈಸೂರಿನಿಂದ ತಂದ ನಮ್ಮ ಮನೆಯ ಹಲಸಿನ ಮರದ ವೀಣೆ ಇಲ್ಲಿನ ಮೊದಲ ಚಳಿಗಾಲಕ್ಕೇ ಬಿರುಕು ಬಿಟ್ಟಿತು. ಹೊರಗಿನ ಮೈನಸ್ 15 ಡಿಗ್ರಿ ಸೆಲ್ಸಿಯಸ್ ಗಾಳಿಯನ್ನು ಬರಿದೇ 21 ಡಿಗ್ರಿಗೆ ಕಾಯಿಸಿದರೆ ಅದರ ಸಾಪೇಕ್ಷ ಆರ್ದ್ರತೆ ಶೇಕಡಾ 10ಕ್ಕಿಂತ ಕೆಳಗಿಳಿಯುತ್ತದೆ. ಬ್ರೂಗೆಲ್ 1566ರ ಸುಮಾರಿಗೆ ಮರದ ಹಲಗೆಯ ಮೇಲೆ ಬರೆದ ‘ಮದುವೆಯ ಕುಣಿತ’ ಈ ಮ್ಯೂಸಿಯಂನಲ್ಲಿದೆ. ಅಂಥ ಗಾಳಿ ಸೋಕಿದರೆ ಅದಕ್ಕೂ ವೀಣೆಯ ಗತಿಯೇ. ಸರಿ, ಹಬೆ ಬೆರೆಸಿ ಶೇಕಡಾ 50ಕ್ಕೆ ಏರಿಸೋಣವೆಂದರೆ, 10 ಡಿಗ್ರಿಗಿಂತ ತಣ್ಣಗಿರುವ ಗೋಡೆ, ಗಾಜುಗಳು ಬೆವರತೊಡಗುತ್ತವೆ. ಪಾಲ್ ಕ್ರೆ 1927ರಲ್ಲಿ ಕಟ್ಟಿದಂಥ ಕಲ್ಲಿನ ಕಟ್ಟಡಕ್ಕೆ ಆ ಬೆವರು ಒಳ್ಳೆಯದಲ್ಲ. ಚಿತ್ರ ಉಳಿಸಹೋದರೆ ಗೋಡೆ ಕೆಡುತ್ತದೆ, ಗೋಡೆ ಉಳಿಸಹೋದರೆ ಚಿತ್ರ. ಇವೆರಡರ ನಡುವೆ ಎಲ್ಲಿ ನಿಲ್ಲಬೇಕೆಂಬ ತೀರ್ಮಾನ ಅಮೃತಶಿಲೆಯ ಬಣ್ಣದ ತೀರ್ಮಾನಕ್ಕಿಂತ ದೊಡ್ಡದು. ವಿಮರ್ಶೆ ಅದನ್ನು ಪ್ಲಂಬಿಂಗ್ ಎಂದು ಬದಿಗಿಟ್ಟಿತು.

ವಿಚಿತ್ರವೆಂದರೆ ಇದೇ ಕಟ್ಟಡದ ನಡು ಅಂಗಳದಲ್ಲಿ ಡಿಯೇಗೋ ರಿವೇರಾ 1932–33ರಲ್ಲಿ ಬರೆದ 27 ಭಿತ್ತಿಚಿತ್ರಗಳಿವೆ. ಪಶ್ಚಿಮದ ಗೋಡೆಯ ಬಾಗಿಲಿನ ಎರಡು ಪಕ್ಕಗಳಲ್ಲಿ ಅವನು ಚಿತ್ರಿಸಿದ್ದು ಹಬೆ ಮತ್ತು ವಿದ್ಯುತ್ತನ್ನು. ಫೋರ್ಡ್ ಕಾರ್ಖಾನೆಯ ಯಂತ್ರಗಳನ್ನು ದೇವರ ಜಾಗದಲ್ಲಿ ನಿಲ್ಲಿಸಿದ ಚಿತ್ರ ಅದು. ಅದನ್ನು ಕಾಯುವ ಯಂತ್ರಗಳಿಗೆ ಮಾತ್ರ ಮಾತಿಲ್ಲ.

ಹೀಗೇ ಆಗಬೇಕೆಂದಿಲ್ಲ. ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲಿ 2009ರಲ್ಲಿ ತೆರೆದ ಮಾಡರ್ನ್ ವಿಂಗ್‌ಗೆ ರೆನ್ಜೋ ಪಿಯಾನೋ ಬೆಳಕು ಸೋಸುವ ಅಲ್ಯೂಮಿನಿಯಂ ಚಾವಣಿ ಹಾಕಿದ. ಅದು ‘ಹಾರುವ ಜಮಖಾನೆ’ ಎಂಬ ಹೆಸರು ಪಡೆಯಿತು, ಎಲ್ಲರೂ ತಲೆಯೆತ್ತಿ ನೋಡಿದರು. ಅದೂ ಒಂದು ಯಂತ್ರವೇ. ಕಣ್ಣಿಗೆ ಬೀಳುವ ಯಂತ್ರ.

ಕಾಣದ ಯಂತ್ರಕ್ಕೆ ಹಣ ಕೇಳುವುದು ಕಷ್ಟ. ಗ್ಯಾಲರಿಗೆ ದಾನಿಯ ಹೆಸರಿಡಬಹುದು, ಹ್ಯುಮಿಡಿಫೈಯರಿಗೆ ಯಾರು ಹೆಸರಿಡುತ್ತಾರೆ? ಅದನ್ನು ಹಗಲೂ ರಾತ್ರಿ ಓಡಿಸುವಂಥ ದಿನದಿನದ ಖರ್ಚಿಗೆಂದೇ 2012ರಲ್ಲಿ ವೇಯ್ನ್, ಓಕ್‌ಲ್ಯಾಂಡ್, ಮೆಕೋಂಬ್ ಕೌಂಟಿಗಳ ಮತದಾರರು ಆಸ್ತಿ ತೆರಿಗೆಯಲ್ಲಿ ಒಂದು ಪಾಲು ಒಪ್ಪಿದರು. ಮರುವರ್ಷ ನಗರವೇ ದಿವಾಳಿಯಾಗಿ, ಸಂಗ್ರಹವನ್ನು ಮಾರುವ ಮಾತು ಎದ್ದಿತು. ಚಿತ್ರಗಳು ಉಳಿದವು. 2020ರಲ್ಲಿ ತೆರಿಗೆ ಮತ್ತೆ 10 ವರ್ಷಕ್ಕೆ ಮುಂದುವರಿಯಿತು. ಟ್ರಾಯ್, ನೋವೈ, ಕ್ಯಾಂಟನ್‌ಗಳಲ್ಲಿ ಮನೆ ಮಾಡಿರುವ ನಮ್ಮ ಕೂಟದವರು ಅದನ್ನು ಕಟ್ಟುತ್ತಲೇ ಇದ್ದಾರೆ, ಬಹುತೇಕರು ಬಿಲ್ಲಿನ ಆ ಸಾಲನ್ನು ಓದದೆ.